ಇದ್ದೂ ಸಿಗದ ಪುಸ್ತಕ

ಪುಸ್ತಕವೊಂದು ಗ್ರಂಥಾಲಯದಲ್ಲಿ ಇರುವುದು ಒಂದು ಮಾತು. ಅದು ಅಲ್ಲಿದೆಯೆಂದು ಹುಡುಕುವವರಿಗೆ ತಿಳಿಯುವುದು ಬೇರೆಯೇ ಮಾತು. ಗ್ರಂಥಸೂಚಿಯ ಈಚಿನ ಚರಿತ್ರೆಯು ಬಹುಮಟ್ಟಿಗೆ ಈ ಎರಡರ ನಡುವಣ ದೂರವನ್ನು ತಗ್ಗಿಸುವ ಪ್ರಯತ್ನದ ಚರಿತ್ರೆಯಾಗಿದೆ.

1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಮ್ ಅವರ ಮುಂದಾಳುತನದಲ್ಲಿ ‘ಮಾರ್ಕ್’ ಎಂಬ ವಿಧಾನ ರೂಪುಗೊಂಡಿತು. ಕಾರ್ಡಿನ ಮೇಲಿದ್ದ ಕರ್ತೃ, ಶೀರ್ಷಿಕೆ, ವಿಷಯಗಳನ್ನು ಕಂಪ್ಯೂಟರ್ ಓದಬಲ್ಲಂತೆ ಅದು ವಿಂಗಡಿಸಿತು. 1967ರಲ್ಲಿ ಒಹಾಯೊದಲ್ಲಿ ಹುಟ್ಟಿದ ಓಸಿಎಲ್‌ಸಿ ಸಂಸ್ಥೆಯು 1971ರಿಂದ ಹಲವು ಗ್ರಂಥಾಲಯಗಳ ದಾಖಲೆಗಳನ್ನು ಒಂದೆಡೆ ಕೂಡಿಸತೊಡಗಿತು. ಅದೇ ಮುಂದೆ ‘ವರ್ಲ್ಡ್‌ಕ್ಯಾಟ್’ ಎನಿಸಿತು.

1990ರ ದಶಕದಲ್ಲಿ ಇಂತಹ ಸೂಚಿಗಳು ಅಂತರಜಾಲಕ್ಕೆ ಬಂದವು. ಆದರೂ ಶೋಧಯಂತ್ರಗಳ ಕಣ್ಣಿಗೆ ಬೀಳಲಿಲ್ಲ. ಶೋಧಯಂತ್ರವು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಕಂಡ ಪುಟಗಳನ್ನು ಪಟ್ಟಿಮಾಡುತ್ತದೆ. ಗ್ರಂಥಾಲಯದ ಸೂಚಿಯಾದರೋ ಹೆಸರು ಬರೆದು ಕೇಳಿದವರಿಗೆ ಮಾತ್ರ ಆ ಕ್ಷಣಕ್ಕೊಂದು ಪುಟವನ್ನು ಕಟ್ಟಿಕೊಡುತ್ತಿತ್ತು. ಎಷ್ಟೋ ವೇಳೆ ಆ ಪುಟಕ್ಕೆ ಸ್ಥಿರವಾದ ವಿಳಾಸವೇ ಇರುತ್ತಿರಲಿಲ್ಲ. 2003ರಲ್ಲಿ ಓಸಿಎಲ್‌ಸಿ ಸುಮಾರು 20 ಲಕ್ಷ ದಾಖಲೆಗಳನ್ನು ಪ್ರಯೋಗಾರ್ಥವಾಗಿ ಶೋಧಯಂತ್ರಗಳಿಗೆ ತೆರೆದಿಟ್ಟಿತು. 2006ರಲ್ಲಿ ವರ್ಲ್ಡ್‌ಕ್ಯಾಟ್ ಸಾರ್ವಜನಿಕರಿಗೆ ಮುಕ್ತವಾಯಿತು. 2012ರಲ್ಲಿ, ಇದು ಕರ್ತೃವಿನ ಹೆಸರು, ಇದು ಶೀರ್ಷಿಕೆ ಎಂದು ಶೋಧಯಂತ್ರಕ್ಕೆ ತಿಳಿಸುವ ಗುರುತುಗಳೂ ಆ ಪುಟಗಳಲ್ಲಿ ಸೇರಿದವು.

ಹೀಗೆ ಒಂದು ಗೋಡೆ ಬಿದ್ದರೂ ಕನ್ನಡದ ಪುಸ್ತಕಗಳಿಗೆ ಇನ್ನೊಂದು ಗೋಡೆ ಉಳಿಯಿತು. 1962ರಲ್ಲಿ ದೆಹಲಿಯಲ್ಲಿ ತೆರೆದ ತನ್ನ ಕಚೇರಿಯ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳುಹಿಸತೊಡಗಿತು. ಪಿ.ಎಲ್. 480 ಯೋಜನೆಯಲ್ಲಿ ಬಂದ ಗೋಧಿಗೆ ನಾವು ತೆತ್ತ ರೂಪಾಯಿಗಳೇ ಅದಕ್ಕೆ ಬಂಡವಾಳ. ಪುಸ್ತಕಗಳು ಜೋಪಾನವಾಗಿ ಉಳಿದವು. ಆದರೆ ದಾಖಲೆಗಳು ರೋಮನ್ ಲಿಪಿಯಲ್ಲಿದ್ದವು. ಆ ಪದ್ಧತಿಯಂತೆ ‘ಮೂಕಜ್ಜಿಯ ಕನಸುಗಳು’ ಎಂಬ ಹೆಸರನ್ನು ಬರೆಯುವಾಗ ದೀರ್ಘಕ್ಕೆ ಮೇಲೊಂದು ಅಡ್ಡಗೆರೆ, ಳಕಾರಕ್ಕೆ ಕೆಳಗೊಂದು ಚುಕ್ಕೆ ಬೀಳುತ್ತವೆ. ಕನ್ನಡ ಲಿಪಿಯಲ್ಲಿ ಹುಡುಕಿದವರಿಗೆ ಅಂತಹ ದಾಖಲೆ ಎದುರಾಗುವುದು ಕಷ್ಟ. ಮೂಲಲಿಪಿಯನ್ನೂ ಜೊತೆಗಿರಿಸಲು ಮಾರ್ಕ್‌ನಲ್ಲಿ 880 ಎಂಬ ಸಂಖ್ಯೆಯ ಅಂಕಣವುಂಟು. ಅದನ್ನು ತುಂಬಿದಲ್ಲಿ ಮಾತ್ರ ಪುಸ್ತಕ ತನ್ನ ಹೆಸರಿಗೆ ಓಗೊಡುತ್ತದೆ.

ಈ ಚರಿತ್ರೆ ಹೊರನಾಡಿನ ನಮಗೆ ದೂರದ್ದಲ್ಲ. ಕನ್ನಡ ಸಂಘಗಳ ಕಪಾಟುಗಳಲ್ಲಿ ಮರುಮುದ್ರಣ ಕಾಣದ ಪುಸ್ತಕಗಳಿರಬಹುದು. ಅವುಗಳ ಪಟ್ಟಿಯನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದರೆ, ನಮಗೆ ಕನ್ನಡವಾಗಿ ಕಾಣುವುದು ಶೋಧಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದೆ. ಒಂದೊಂದು ಪುಸ್ತಕಕ್ಕೂ ಒಂದು ಪುಟ, ಆ ಪುಟಕ್ಕೆ ಸ್ಥಿರವಾದ ವಿಳಾಸ, ಎರಡೂ ಲಿಪಿಗಳಲ್ಲಿ ಹೆಸರು: ಇಷ್ಟನ್ನು ಮಾಡಲು ದೊಡ್ಡ ಸಂಸ್ಥೆಯೇ ಬೇಕಿಲ್ಲ. ಇಷ್ಟಾದರೆ ಪುಣೆಯ ಕಪಾಟಿನಲ್ಲಿರುವ ಪುಸ್ತಕವು ಧಾರವಾಡದಲ್ಲಿ ಹುಡುಕುವವರಿಗೂ ಸಿಕ್ಕೀತು.