ವಿಜಯನಗರದ ವೈಯಾಳಿ

ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರವನ್ನು ಹೊರಗಿನಿಂದ ಸಾವಧಾನವಾಗಿ ಸುತ್ತಿ ಬರುವವರಿಗೆ, ಆನೆಗಳ ಪಂಕ್ತಿಯ ಮೇಲಣ ಕುದುರೆಗಳ ಪಂಕ್ತಿಯಲ್ಲಿ ಅಶ್ವದ ಗಾಂಭೀರ್ಯದಷ್ಟೇ ಮನಸೆಳೆಯುವವನು ಅದನ್ನು ಹಿಡಿದು ಕಾಲ್ನಡೆಯಲ್ಲಿ ಸಾಗುವ ಲಾಯದಾಳು. ವಿಜಯನಗರದ ಅಶ್ವಬಲವನ್ನು ಕುರಿತು ಬರೆದವರು ಬಹುಮಟ್ಟಿಗೆ ಸಂಖ್ಯೆಯನ್ನೂ ಸಮರವನ್ನೂ ವರ್ಣಿಸಿರುವರು; ಆದರೆ ಕುದುರೆಯನ್ನು ಸವಾರನ ಇಂಗಿತಕ್ಕೆ ಒಗ್ಗಿಸುವ ನಿತ್ಯದ ಪರಿಶ್ರಮವೇ ಆ ಬಲದ ಮೂಲವಾಗಿದ್ದಿತೆಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತಮ ಜಾತಿಯ ಕುದುರೆ ಈ ನಾಡಿಗೆ ಅತಿಥಿಯಾಗಿಯೇ ಬಂದಿತು. ಹೊರ್ಮುಜಿನಲ್ಲಿ ಹಡಗೇರಿ, ಭಟ್ಕಳದಲ್ಲಿಯೋ ಗೋವೆಯಲ್ಲಿಯೋ ಇಳಿದು, ಘಟ್ಟವನ್ನು ಹತ್ತಿದ ಅರಬ್ಬೀ ಹಯಗಳು, ಇಂದು ಹೊಸಪೇಟೆಯೆನಿಸಿರುವೆಡೆಯಲ್ಲಿ ಕೃಷ್ಣದೇವರಾಯನು ನಿರ್ಮಿಸಿದ ನಾಗಲಾಪುರವನ್ನು ಹಾದು ರಾಜಧಾನಿಯನ್ನು ಸೇರುತ್ತಿದ್ದುವು. ವಿಜಯನಗರದ ಅರಸ ಸಾಳುವ ನರಸಿಂಹನು ಸಮುದ್ರದಲ್ಲಿಯೇ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದವರಿಗೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು, ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನ್ಯೂನಿಜನು ಬರೆದಿರುವನು. ವರ್ಷಕ್ಕೆ 13,000 ಕುದುರೆಗಳನ್ನು ತನ್ನ ಕಾಲದ ಅರಸನು ಕೊಳ್ಳುತ್ತಿದ್ದನೆಂಬ ಮಾತೂ ಅವನದೇ. ಹೊರ್ಮುಜಿನವಲ್ಲದೆ ನಾಡಕುದುರೆಗಳೂ ಆ ಲೆಕ್ಕದಲ್ಲಿ ಸೇರಿವೆ. 1547ರಲ್ಲಿ ಗೋವೆಯ ಪೋರ್ಚುಗೀಸರೊಡನೆ ನಡೆದ ಒಪ್ಪಂದದಲ್ಲಿಯೂ ಕುದುರೆಗಳು ಅನ್ಯರಿಗೆ ದೊರೆಯದಂತೆ ಮಾಡುವುದೇ ವಿಜಯನಗರದ ಮುಖ್ಯ ಅಪೇಕ್ಷೆಯಾಗಿದ್ದಿತು.

ಕೊಂಡ ಮಾತ್ರಕ್ಕೆ ಕುದುರೆ ವಶವಾಗದು. ಸಂಡೂರಿನ ಗಿರಿಶ್ರೇಣಿಗೂ ಕಂಪ್ಲಿಯ ಹೊಳೆಬಯಲಿಗೂ ನಡುವಣ ಈ ನೆಲ, ಹೆಜ್ಜೆಗೊಂದು ಬಂಡೆ, ಕೂಗಳತೆಗೊಂದು ಕಾಲುವೆ ಎಂಬಂತಹದು. ಮರಳುಗಾಡಿನಲ್ಲಿ ಬೆಳೆದ ಪ್ರಾಣಿ ಇಲ್ಲಿ ನೀರಿಗೆ ಬೆದರದೆ, ಕಲ್ಲಿಗೆ ಎಡವದೆ, ಆನೆಯ ಘೀಳಿಗೆ ತಿರುಗಿ ಓಡದೆ ನಿಲ್ಲಬೇಕಾದರೆ ಎಷ್ಟು ತಿಂಗಳ ಸಹನೆ ಬೇಕಾಗಿದ್ದೀತು! ಅಚ್ಯುತರಾಯನ ಸ್ವಂತ ಲಾಯದಲ್ಲಿ ಏಳುನೂರಕ್ಕೆ ಮಿಕ್ಕ ಕುದುರೆಗಳಿದ್ದುವೆಂದೂ, ಅರಸನ ಊಳಿಗದಲ್ಲಿ ಕುದುರೆಗಳ ಆರೈಕೆಗೆ 1,600 ಆಳುಗಳೂ ಅವುಗಳನ್ನು ಪಳಗಿಸಲು 300 ಶಿಕ್ಷಕರೂ ಇದ್ದರೆಂದೂ ನ್ಯೂನಿಜನು ಹೇಳುತ್ತಾನೆ. ಈ ಮುನ್ನೂರು ಮಂದಿಯಲ್ಲಿ ಒಬ್ಬನ ಹೆಸರಾದರೂ ನಮಗೆ ಉಳಿದು ಬಂದಿದ್ದರೆ ಎಂದು ನನ್ನ ಮನಸ್ಸು ಹಂಬಲಿಸುತ್ತದೆ.

ಅವರ ದುಡಿಮೆಯ ಫಲ ಲೋಕಕ್ಕೆ ಕಾಣುತ್ತಿದ್ದುದು ಮಹಾನವಮಿಯಲ್ಲಿ. ಅಲಂಕೃತವಾದ ಕುದುರೆಗಳು ಅರಸನಿಗೆ ಅಭಿಮುಖವಾಗಿ ಸಾಲುಗಟ್ಟಿ ನಿಂತಿರಲು, ರಾಜಪುರೋಹಿತನು ತೆಂಗಿನಕಾಯಿ, ಅಕ್ಕಿ, ಹೂವುಗಳನ್ನು ಹಿಡಿದು ಅವುಗಳ ಹಿಂದೆ ಸುತ್ತಿ ಬಂದುದನ್ನು 1520ರ ಸುಮಾರಿಗೆ ಇಲ್ಲಿದ್ದ ಡೊಮಿಂಗೊ ಪಾಯಸನು ಕಂಡನು. ಆದರೆ ಅವನ ಬರಹದಲ್ಲಿ ನನಗೆ ಇದಕ್ಕಿಂತಲೂ ಪ್ರಿಯವಾದ ಭಾಗ ಬೇರೊಂದಿದೆ. ಕೃಷ್ಣದೇವರಾಯನು ಪ್ರತಿದಿನವೂ ಬೆಳಗಾಗುವುದಕ್ಕೆ ಮುನ್ನ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಹಚ್ಚಿಕೊಂಡು, ಭಾರವೆತ್ತಿ, ಕತ್ತಿ ಬೀಸಿ, ಮಲ್ಲನೊಡನೆ ಹೆಣಗಿ, ಕಟ್ಟಕಡೆಗೆ ಕುದುರೆಯೇರಿ ಹೊತ್ತು ಮೂಡುವವರೆಗೂ ಬಯಲಿನಲ್ಲಿ ಅತ್ತಿಂದಿತ್ತ ಓಡಿಸುತ್ತಿದ್ದನಂತೆ. ಸಂಗ್ರಾಮಕ್ಕಲ್ಲ, ಮೆರವಣಿಗೆಗೂ ಅಲ್ಲ. ಅದು ಅಭ್ಯಾಸ, ಅದು ವೈಯಾಳಿಯೆಂಬ ಅಶ್ವವಿಹಾರ. ಕನ್ನಡನಾಡಿನ ಅರಸರಿಗೆ ಇದು ಪುರಾತನವಾದ ವ್ಯಸನ: ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ, ಕುದುರೆಯೇರಿ ಚೆಂಡಾಡುವ ವಿನೋದವನ್ನು ಅದರ ಬಯಲು, ಕೋಲು, ತೋರಣಗಳ ಸಮೇತ ವಿವರಿಸಿರುವನು.

ಯುರೋಪಿನ ಅಶ್ವಸೇನೆಗಳಲ್ಲಿ ಅಧಿಕಾರಿಗಳ ಪರೀಕ್ಷೆಯಾಗಿ ಹುಟ್ಟಿದ ಈವೆಂಟಿಂಗ್ ಎಂಬ ಸ್ಪರ್ಧೆಯೂ ಇದೇ ಅಭ್ಯಾಸವನ್ನು ಮೂರು ಬಗೆಯಾಗಿ ಒರೆಹಚ್ಚುತ್ತದೆ: ಅಂಗಳದಲ್ಲಿ ವಿಧೇಯತೆ, ಹಳ್ಳ ದಿಣ್ಣೆಗಳ ಬಯಲಿನಲ್ಲಿ ಧೈರ್ಯ ಮತ್ತು ದಮ್ಮು, ದಣಿದ ಮೇಲೂ ಅಡ್ಡಗಂಬಗಳನ್ನು ಬೀಳಿಸದೆ ನೆಗೆಯುವ ಎಚ್ಚರ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಅದು ಮೊದಲು ಸೇರಿತು. ಸ್ತ್ರೀಯರು ಅದರಲ್ಲಿ ಸ್ಪರ್ಧಿಸಲು 1964ರ ಟೋಕಿಯೋ ಕ್ರೀಡೆಗಳವರೆಗೆ ಕಾಯಬೇಕಾಯಿತು. ಭಾರತದ ರಘುಬೀರ್ ಸಿಂಗ್ 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣವನ್ನು ಗೆದ್ದ ಬಳಿಕ, ವೈಯಕ್ತಿಕ ಪದಕವೊಂದು ಮತ್ತೆ ದೊರೆತುದು 2018ರಲ್ಲಿ, ಬೆಂಗಳೂರಿನ ಫೌಆದ್ ಮಿರ್ಜಾ ಜಕಾರ್ತದಲ್ಲಿ ರಜತವನ್ನು ಪಡೆದಾಗ. ಅಂದು ಅವರನ್ನು ಹೊತ್ತ ಸೀನ್ಯೂರ್ ಮೆಡಿಕಾಟ್ ಎಂಬ ಕುದುರೆಯೂ ಕಡಲಾಚೆಯದೇ. ಅದಕ್ಕೂ ಮುನ್ನ ಅದರ ಮೇಲೆ ಸವಾರಿ ಮಾಡುತ್ತಿದ್ದವರು ಜರ್ಮನಿಯ ಬೆಟಿನಾ ಹಾಯ್ ಎಂಬ ಮಹಿಳೆ.