ಕಾಲ್ವ್ ಊರಿಗೂ ಮಂಗಳೂರಿಗೂ ಏನು ನಂಟು?

ಜರ್ಮನಿ ಅಂದ್ರೆ ನಮಗೆ ನೆನಪಾಗೋದು ಕಾರು, ಹಿಟ್ಲರ್, ಬರ್ಲಿನ್ ಗೋಡೆ. ಆದರೆ ಅಲ್ಲಿನ ಕಪ್ಪುಕಾಡು ಸೀಮೆಯಲ್ಲಿ, ನಾಗೋಲ್ಡ್ ನದಿಯ ದಂಡೆ ಮೇಲೆ, ಕಾಲ್ವ್ ಅನ್ನೋ ಪುಟ್ಟ ಪಟ್ಟಣವೊಂದಿದೆ. 1692ರಲ್ಲಿ ಫ್ರೆಂಚ್ ಸೈನ್ಯ ಈ ಊರನ್ನು ಸುಟ್ಟುಹಾಕಿತ್ತು. ಇವತ್ತು ಕಾಣುವ ಮರದ ಚೌಕಟ್ಟಿನ ಮನೆಗಳಲ್ಲಿ ಹೆಚ್ಚಿನವು ಆ ಬೂದಿಯ ಮೇಲೆ ಎದ್ದವು. 1400ರ ಆಸುಪಾಸಿನ ಕಲ್ಲುಸೇತುವೆ ಮಾತ್ರ, ಪುಟ್ಟ ಪ್ರಾರ್ಥನಾ ಮಂದಿರವನ್ನು ಹೊತ್ತುಕೊಂಡು, ಇನ್ನೂ ನಿಂತಿದೆ.

ಆ ಸೇತುವೆ ಮೇಲೊಂದು ಕಂಚಿನ ಪ್ರತಿಮೆ. ಯಾರದ್ದು? ‘ಸಿದ್ಧಾರ್ಥ’ ಕಾದಂಬರಿ ಬರೆದ, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆಯದ್ದು. 1877ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಈ ಹುಡುಗನಿಗೆ ಭಾರತ ಸಿಕ್ಕಿದ್ದೆಲ್ಲಿ? ಮನೆಯಲ್ಲೇ! ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್, ಬಾಸೆಲ್ ಮಿಷನ್ ಪಾದ್ರಿ.

ಗುಂಡರ್ಟ್ 1859ರಲ್ಲಿ ಭಾರತ ಬಿಟ್ಟರು. ಮಲಯಾಳಂ ಅವರನ್ನು ಬಿಡಲಿಲ್ಲ. ಕಾಲ್ವ್‌ನಲ್ಲಿ ಕೂತು ಮಲಯಾಳಂ-ಇಂಗ್ಲಿಷ್ ನಿಘಂಟು ಮುಗಿಸಿದರು. 1872ರಲ್ಲಿ ಅದು ಹೊರಬಂದಿದ್ದು ಎಲ್ಲಿಂದ ಗೊತ್ತಾ? ನಮ್ಮ ಮಂಗಳೂರಿನಿಂದ! ಅದೇ ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರತಂದ ಹರ್ಮನ್ ಮೋಗ್ಲಿಂಗ್ ಕೂಡ ಇದೇ ಮಿಷನ್ನಿನವರು. ಸುದ್ದಿಯನ್ನೇ ನಂಬಿ ಬದುಕುವ ನಮ್ಮಂಥವರಿಗೆ ಇದು ಮನೆತನದ ಕಥೆ.

ಮತಪ್ರಚಾರಕ್ಕೇ ಬಂದವರು, ನಿಜ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಜನರನ್ನು ಮುಟ್ಟಬೇಕಾದರೆ ಮೊದಲು ಜನರ ಮಾತು ಕಲೀಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಸಮುದ್ರ ದಾಟಿ ಬಂದವರು ನಮ್ಮ ಪದಗಳನ್ನು ಒಂದೊಂದಾಗಿ ಆಯ್ದುಕೊಂಡರು. ಮನೆಯಲ್ಲೇ ಇರುವ ನಾವು ಒಂದೊಂದಾಗಿ ಬಿಟ್ಟುಕೊಡ್ತಾ ಇದ್ದೇವಲ್ಲ, ನಮ್ಮ ಮೊಮ್ಮಕ್ಕಳಿಗೆ ಕನ್ನಡ ಸಿಗೋದು ಎಲ್ಲಿ?