ಗ್ರೆಟ್ನಾ: ಮೂರು ಸಾವಿರ ಜನರ ಊರಿನ ಫುಟ್‌ಬಾಲ್ ಕ್ಲಬ್

ಇಂಗ್ಲೆಂಡಿನಿಂದ ಪಶ್ಚಿಮದ ಹೆದ್ದಾರಿಯಲ್ಲಿ ಸ್ಕಾಟ್ಲೆಂಡಿಗೆ ಹೋಗುವವರಿಗೆ ಸಾರ್ಕ್ ಎಂಬ ಸಣ್ಣ ಹೊಳೆಯೊಂದು ಅಡ್ಡ ಬರುತ್ತದೆ. ಅದನ್ನು ದಾಟಿದೊಡನೆ ಸಿಕ್ಕುವ ಊರೇ ಗ್ರೆಟ್ನಾ. ಜನಸಂಖ್ಯೆ ಸುಮಾರು ಮೂರು ಸಾವಿರ. ಇಷ್ಟು ಜನ ನಮ್ಮ ಮಹಾನಗರಗಳ ದೊಡ್ಡದೊಂದು ವಸತಿ ಸಂಕೀರ್ಣದಲ್ಲೇ ಇರುತ್ತಾರೆ. ಇಂಥ ಊರಿನ ಫುಟ್‌ಬಾಲ್ ಕ್ಲಬ್ಬೊಂದು ಸಂಬಳದ ಆಟಗಾರರನ್ನು ಇಟ್ಟುಕೊಂಡು, ತನ್ನ ದೇಶದ ಅತಿ ಮೇಲಿನ ಲೀಗಿಗೆ ಏರಿತು. ಏರಿದ ಒಂದೇ ವರ್ಷದಲ್ಲಿ ಇಲ್ಲದಂತಾಯಿತು. ಈ ಏರಿಳಿತದ ಕಥೆಯನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಗ್ರೆಟ್ನಾ ಎಂದರೆ ಆ ನಾಡಿನಲ್ಲಿ ಮೊದಲು ನೆನಪಾಗುವುದು ಫುಟ್‌ಬಾಲ್ ಅಲ್ಲ, ಮದುವೆ. 1754ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ವಿವಾಹ ಕಾಯಿದೆಯ ಪ್ರಕಾರ ಇಪ್ಪತ್ತೊಂದು ತುಂಬದವರು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಸ್ಕಾಟ್ಲೆಂಡಿನಲ್ಲಾದರೋ ಸಾಕ್ಷಿಗಳ ಎದುರು ‘ನಾವು ಗಂಡಹೆಂಡಿರು’ ಎಂದರೆ ಸಾಕಾಗಿತ್ತು. ಹೀಗಾಗಿ ಮನೆಬಿಟ್ಟು ಓಡಿಬಂದ ಜೋಡಿಗಳು ಗಡಿ ದಾಟಿದೊಡನೆ ಗ್ರೆಟ್ನಾ ಗ್ರೀನಿನ ಕಮ್ಮಾರನ ಕುಲುಮೆಗೆ ನುಗ್ಗುತ್ತಿದ್ದವು. ಕಮ್ಮಾರ ಅಡೆಗಲ್ಲಿನ ಮೇಲೆ ಸುತ್ತಿಗೆಯಿಂದ ಒಂದೇಟು ಹೊಡೆದನೆಂದರೆ ಮದುವೆ ಮುಗಿದಂತೆ. ಹಿಂದೆಯೇ ಕುದುರೆಗಾಡಿಯಲ್ಲಿ ಅಟ್ಟಿಸಿಕೊಂಡು ಬಂದ ಅಪ್ಪನಿಗೆ ಅಳಿಯನ ದರ್ಶನವಾಗುತ್ತಿತ್ತು! ಮುಂದೆ ಊರಿನಲ್ಲಿ ಹುಟ್ಟಿದ ಕ್ಲಬ್ಬಿಗೂ ‘ಅಡೆಗಲ್ಲು’ ಎಂಬ ಅಡ್ಡಹೆಸರೇ ಬಂದದ್ದು ಈ ಕಾರಣಕ್ಕೆ.

ಆದರೆ ಗ್ರೆಟ್ನಾ ಗ್ರೀನ್ ಬೇರೆ, ಅದಕ್ಕೆ ತಾಗಿಕೊಂಡೇ ಇರುವ ಗ್ರೆಟ್ನಾ ಬೇರೆ. ಈ ಎರಡನೆಯದು ಈಗಿನ ರೂಪದಲ್ಲಿ ಎದ್ದು ನಿಂತದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1915ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ಮೈಲುಗಟ್ಟಲೆ ಉದ್ದದ ಮದ್ದಿನ ಕಾರ್ಖಾನೆಯನ್ನು ಕಟ್ಟತೊಡಗಿತು. ಸಿಡಿಮದ್ದಿನ ಹಿಟ್ಟನ್ನು ದೊಡ್ಡ ಪಾತ್ರೆಗಳಲ್ಲಿ ಕೈಯಿಂದ ಕಲಸುತ್ತಿದ್ದುದನ್ನು ಕಂಡ ಸಾಹಿತಿ ಆರ್ಥರ್ ಕಾನನ್ ಡಾಯ್ಲ್ ಅದನ್ನು ‘ಸೈತಾನನ ಗಂಜಿ’ ಎಂದು ಕರೆದ. ದುಡಿಯುವವರಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಹೆಂಗಸರೇ ಇದ್ದರು. ಅವರೆಲ್ಲ ಬೇರೆ ಬೇರೆ ಕಡೆಗಳಿಂದ ಕೂಲಿಗಾಗಿ ಬಂದವರು. ಗ್ರೆಟ್ನಾದ ಬೀದಿಗಳು ಅವರಿಗಾಗಿ ಎದ್ದವು. ಎಂದರೆ, ಇದು ಪಿತ್ರಾರ್ಜಿತ ಹೊಲಗದ್ದೆಗಳ ಸುತ್ತ ಬೆಳೆದ ಹಳ್ಳಿಯಲ್ಲ, ಹೊಟ್ಟೆಪಾಡಿಗೆ ವಲಸೆ ಬಂದವರ ಹಳ್ಳಿ. ಇದನ್ನು ನಾವು ಬೇರೆಯಾಗಿ ಹೇಳುವುದಕ್ಕೆ ಕಾರಣ ಓದುಗರಿಗೆ ತಿಳಿದೀತು.

ಎರಡನೆಯ ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಗ್ರೆಟ್ನಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಮೈದಾನ ರೇಡೇಲ್ ಪಾರ್ಕ್. ಅಂಗಿ ಕಪ್ಪು ಬಿಳುಪು. ಸ್ಕಾಟ್ಲೆಂಡಿನ ಊರಾದರೂ ಹತ್ತು ಮೈಲಿ ದೂರದ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣವೇ ಅದಕ್ಕೆ ಹತ್ತಿರವಾದ್ದರಿಂದ, ಸ್ಥಾಪನೆಯಾದ ಸ್ವಲ್ಪ ಕಾಲದಲ್ಲೇ ಕ್ಲಬ್ಬು ಇಂಗ್ಲೆಂಡಿನ ಸ್ಥಳೀಯ ಲೀಗುಗಳನ್ನು ಸೇರಿ ಅಲ್ಲಿಯೇ ಅರ್ಧ ಶತಮಾನಕ್ಕೂ ಹೆಚ್ಚು ಆಡಿತು. ಗಡಿಯೂರಿನ ಸಂತೆಗೆ ಎರಡೂ ಕಡೆಯವರು ಬರುವಂತೆ ಇದೂ ಸಹಜವಾಗಿಯೇ ನಡೆದಿತ್ತು. 1991ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್‌ನ ಮುಖ್ಯ ಹಂತದ ಮೊದಲ ಸುತ್ತಿಗೆ ಬಂದು ರಾಚ್‌ಡೇಲ್ ತಂಡದೊಡನೆ ಮೊದಲು ಸರಿಸಮ ಮಾಡಿಕೊಂಡು ಮರುಪಂದ್ಯದಲ್ಲಿ ಸೋತಿತು. 1993ರಲ್ಲಿ ಮತ್ತೆ ಅಲ್ಲಿಗೇ ಬಂದು ಬೋಲ್ಟನ್ನಿನಂಥ ಹೆಸರುವಾಸಿ ತಂಡಕ್ಕೆ 3-2ರಲ್ಲಿ ಮಾತ್ರ ಸೋತಿತು. ಆಗಿನ ಆಟಗಾರರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರು.

ಸ್ಕಾಟ್ಲೆಂಡಿನ ಲೀಗಿಗೆ ಸೇರಬೇಕೆಂದು 1990ರ ದಶಕದಲ್ಲಿ ಕ್ಲಬ್ಬು ಹಾಕಿದ ಅರ್ಜಿ ಫಲಿಸಲಿಲ್ಲ. 2002ರಲ್ಲಿ ಬಾಗಿಲು ತೆರೆಯಿತು. ಅದು ತೆರೆದದ್ದು ಇನ್ನೊಬ್ಬರ ಮನೆ ಮುಚ್ಚಿದ್ದರಿಂದ ಎಂಬುದನ್ನು ಮರೆಯಬಾರದು. 1878ರಷ್ಟು ಹಳೆಯದಾದ ಏರ್ಡ್ರಿಯೋನಿಯನ್ಸ್ ಎಂಬ ಕ್ಲಬ್ಬು ಸಾಲದಲ್ಲಿ ಮುಳುಗಿ ದಿವಾಳಿಯೆದ್ದಿತು. ತೆರವಾದ ಆ ಒಂದು ಸ್ಥಾನಕ್ಕೆ ಗ್ರೆಟ್ನಾ ಆಯ್ಕೆಯಾಯಿತು. ಆಗ ಸ್ಕಾಟ್ಲೆಂಡಿನ ಹಿರಿಯ ಲೀಗುಗಳಲ್ಲಿದ್ದದ್ದು 42 ಕ್ಲಬ್ಬುಗಳು: ಮೇಲೆ ಹನ್ನೆರಡು ತಂಡಗಳ ಪ್ರೀಮಿಯರ್ ಲೀಗ್, ಅದರ ಕೆಳಗೆ ಹತ್ತು ಹತ್ತು ತಂಡಗಳ ಮೂರು ವಿಭಾಗಗಳು. ಗ್ರೆಟ್ನಾ ಸೇರಿದ್ದು ಕಟ್ಟಕಡೆಯ ಮೂರನೆಯ ವಿಭಾಗವನ್ನು. ಮ್ಯಾನೇಜರ್ ರೋವನ್ ಅಲೆಕ್ಸಾಂಡರ್. ಮೊದಲ ವರ್ಷ ಆರನೆಯ ಸ್ಥಾನ, ಎರಡನೆಯ ವರ್ಷ ಮೂರನೆಯ ಸ್ಥಾನ. ಕೆಲವು ನೂರು ಜನ ಬಂದು ನೋಡಿ ಹೋಗುತ್ತಿದ್ದರು. ಹಳ್ಳಿಯ ತಂಡವೊಂದು ಇದಕ್ಕಿಂತ ಹೆಚ್ಚೇನು ಬಯಸೀತು?

ಬಯಸಿದವನು ಬ್ರೂಕ್ಸ್ ಮೈಲ್ಸನ್. ಈತ ಗ್ರೆಟ್ನಾದವನಲ್ಲ, ಸ್ಕಾಟ್ಲೆಂಡಿನವನೂ ಅಲ್ಲ. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ 1947ರಲ್ಲಿ ಹುಟ್ಟಿದವನು. ಹನ್ನೊಂದನೆಯ ವಯಸ್ಸಿನಲ್ಲಿ ಮರಳಿನ ಕ್ವಾರಿಯಲ್ಲಿ ಅಪಘಾತವಾಗಿ ಬೆನ್ನುಮೂಳೆ ಮುರಿಯಿತು. ಇನ್ನು ನಡೆಯುವುದು ಸಾಧ್ಯವಿಲ್ಲ ಎಂದರಂತೆ ವೈದ್ಯರು. ಹುಡುಗ ನಡೆದದ್ದಷ್ಟೇ ಅಲ್ಲ, ಮುಂದೆ ದೂರದ ಓಟಗಾರನಾದ. ಕಟ್ಟಡ ನಿರ್ಮಾಣ, ವಿಮೆ ಈ ವ್ಯವಹಾರಗಳಲ್ಲಿ ಬೇಕಾದಷ್ಟು ಹಣ ಮಾಡಿದ. ಶ್ರೀಮಂತನ ಠೀವಿ ಅವನಲ್ಲಿರಲಿಲ್ಲ. ಉದ್ದ ಕೂದಲು, ಜೀನ್ಸ್ ಪ್ಯಾಂಟು, ಬಾಯಲ್ಲಿ ಸದಾ ಸಿಗರೇಟು. ಕಾರ್ಲೈಲ್ ಬಳಿಯ ಮನೆಯಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುತ್ತಿದ್ದ. ಕಷ್ಟದಲ್ಲಿದ್ದ ಎಷ್ಟೋ ಸಣ್ಣ ಕ್ಲಬ್ಬುಗಳಿಗೆ ಹಣ ಕೊಟ್ಟ. ಇಂಥವನ ಕಣ್ಣು ಗ್ರೆಟ್ನಾದ ಮೇಲೆ ಬಿತ್ತು, ಕ್ಲಬ್ಬು ಅವನದಾಯಿತು. ಅಭಿಮಾನಿಗಳ ನಡುವೆ ನಿಂತು ಪಂದ್ಯ ನೋಡುವುದು ಅವನಿಗೆ ಇಷ್ಟವಾಗಿತ್ತು. ಅವನನ್ನು ಬರಿಯ ಹುಚ್ಚು ಸಾಹುಕಾರನೆಂದು ತಳ್ಳಿಹಾಕುವುದು ನಮಗೆ ನ್ಯಾಯವೆನಿಸುವುದಿಲ್ಲ. ಅವನು ಲಾಭಕ್ಕಾಗಿ ಬಂದವನಲ್ಲ.

ಹಣ ಬಂದ ಮೇಲೆ ಪೂರ್ಣಾವಧಿಯ ಆಟಗಾರರು ಬಂದರು. ಕೆಳವಿಭಾಗದ ಉಳಿದ ತಂಡಗಳಲ್ಲಿ ಬಡಗಿಯೋ ಮೇಷ್ಟರೋ ಬಿಡುವಿನಲ್ಲಿ ಆಡುತ್ತಿದ್ದರೆ, ಅವರೆದುರು ನಿಂತದ್ದು ದಿನವೂ ತಾಲೀಮು ಮಾಡುವ ಸಂಬಳದಾಳುಗಳು. 2004-05ರಲ್ಲಿ 36 ಪಂದ್ಯಗಳಲ್ಲಿ 130 ಗೋಲು, 108ಕ್ಕೆ 98 ಅಂಕ! ಅದರಲ್ಲಿ 38 ಗೋಲು ಕೆನ್ನಿ ಡ್ಯೂಕರ್ ಒಬ್ಬನದೇ. ಸ್ವಾರಸ್ಯವೆಂದರೆ ಈತ ಓದಿ ಪಾಸಾದ ವೈದ್ಯ. ‘ಡಾಕ್ಟರು’ ಎಂದೇ ಊರಿಗೆಲ್ಲ ಪರಿಚಿತ. ಮರುವರ್ಷ ಎರಡನೆಯ ವಿಭಾಗವನ್ನೂ ಗ್ರೆಟ್ನಾ 88 ಅಂಕಗಳೊಡನೆ ಸಲೀಸಾಗಿ ಗೆದ್ದಿತು.

ಅದೇ ವರ್ಷದ ಸ್ಕಾಟಿಷ್ ಕಪ್ ಈ ಕ್ಲಬ್ಬಿನ ಬಾಳಿನಲ್ಲಿ ಅತ್ಯಂತ ದೊಡ್ಡ ಗಳಿಗೆ. ಮುಂಬಯಿಯ ಹಿರಿಯರಿಗೆ ರೋವರ್ಸ್ ಕಪ್ ನೆನಪಿರಬಹುದು. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ ಎಂಬ ಅಂಥ ಪಂದ್ಯಾವಳಿಗಳಲ್ಲಿ ಸಣ್ಣವರಿಗೂ ಒಂದು ಅವಕಾಶವಿರುತ್ತದೆ. ಸೇನೆಯ ತಂಡಗಳದೇ ದರ್ಬಾರಾಗಿದ್ದ ಆ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಎತ್ತಿಕೊಂಡು ಬಂದದ್ದೂ ಹಾಗೆಯೇ ಅಲ್ಲವೇ. ಇರಲಿ. ಗ್ರೆಟ್ನಾ ಸೆಮಿಫೈನಲಿನಲ್ಲಿ ಡಂಡೀ ತಂಡವನ್ನು 3-0ಯಿಂದ ಸೋಲಿಸಿ ಫೈನಲ್ ಸೇರಿತು. ಮೂರನೆಯ ಮೆಟ್ಟಿಲಿನ ಲೀಗಿನಲ್ಲಿ ಆಡುವ ತಂಡವೊಂದು ಸ್ಕಾಟಿಷ್ ಕಪ್ ಫೈನಲಿಗೆ ಬಂದದ್ದು ಅದೇ ಮೊದಲು.

2006ರ ಮೇ 13, ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕ್. ನೋಡಲು ಸೇರಿದವರು 51,000ಕ್ಕೂ ಹೆಚ್ಚು. ಗ್ರೆಟ್ನಾದಂಥ ಹದಿನೇಳು ಊರುಗಳ ಜನ. ಎದುರಾಳಿ ಎಡಿನ್‌ಬರೊದ ಹಾರ್ಟ್ಸ್. ಮೊದಲರ್ಧದಲ್ಲಿ ಹಾರ್ಟ್ಸ್ ಒಂದು ಗೋಲು ಹಾಕಿತು. ಎಲ್ಲರೂ ಎಣಿಸಿದ್ದಂತೆ ಆಮೇಲೆ ಗೋಲಿನ ಮಳೆ ಸುರಿಯಲಿಲ್ಲ. 76ನೆಯ ನಿಮಿಷದಲ್ಲಿ ಗ್ರೆಟ್ನಾಕ್ಕೆ ಪೆನಾಲ್ಟಿ ಸಿಕ್ಕಿತು. ರಯಾನ್ ಮೆಕ್‌ಗಫಿ ಒದ್ದ ಚೆಂಡನ್ನು ಗೋಲಿ ತಡೆದ. ಚಿಮ್ಮಿ ಬಂದ ಅದೇ ಚೆಂಡನ್ನು ಮೆಕ್‌ಗಫಿ ಬಲೆಗೆ ಸೇರಿಸಿದ. ಹೆಚ್ಚಿನ ಅವಧಿಯಲ್ಲೂ ಸರಿಸಮ. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಹಾರ್ಟ್ಸ್ 4-2ರಿಂದ ಗೆದ್ದಿತು. ಗ್ರೆಟ್ನಾದ ಕೊನೆಯ ಒದೆತ ಗೇವಿನ್ ಸ್ಕೆಲ್ಟನ್ನನದು. ಚೆಂಡು ಅಡ್ಡಪಟ್ಟಿಗೆ ಬಡಿದು ಹಿಂದೆ ಬಂತು. ಈ ಹೆಸರನ್ನು ಓದುಗರು ನೆನಪಿಡಬೇಕು.

ಹಾರ್ಟ್ಸ್ ಅದಾಗಲೇ ಬೇರೊಂದು ದೊಡ್ಡ ಪಂದ್ಯಾವಳಿಗೆ ಅರ್ಹವಾಗಿದ್ದುದರಿಂದ ಯೂರೋಪಿನ ಯೂಫಾ ಕಪ್ಪಿನಲ್ಲಿ ಆಡುವ ಭಾಗ್ಯ ಗ್ರೆಟ್ನಾಕ್ಕೆ ಬಂತು. ಅಲ್ಲಿ ಡೆರಿ ಸಿಟಿ ತಂಡ 5-1ರಿಂದ ಬಡಿದು ಕಳುಹಿಸಿತು, ಮರುಪಂದ್ಯ 2-2. ಆದರೆ ಗಮನಿಸಬೇಕಾದ್ದು ಬೇರೆ ಇದೆ. ಆ 5-1ರ ‘ತವರಿನ’ ಪಂದ್ಯ ರೇಡೇಲ್ ಪಾರ್ಕಿನಲ್ಲಿ ನಡೆಯಲಿಲ್ಲ. ಸುಮಾರು 120 ಕಿಲೋಮೀಟರ್ ದೂರದ ಮದರ್‌ವೆಲ್ ಪಟ್ಟಣದ ಫರ್ ಪಾರ್ಕಿನಲ್ಲಿ ನಡೆಯಿತು. ಮುಂದೆ ಬರಲಿದ್ದುದರ ಸೂಚನೆ ಅಲ್ಲಿಯೇ ಇತ್ತು.

2006-07, ಮೊದಲನೆಯ ವಿಭಾಗ. ಬಹಳ ಮುಂದಿದ್ದ ಗ್ರೆಟ್ನಾ ಕೊನೆಯ ವಾರಗಳಲ್ಲಿ ಎಡವುತ್ತಾ ಬಂದು, ಕಟ್ಟಕಡೆಯ ದಿನದ ಹೊತ್ತಿಗೆ ಸೇಂಟ್ ಜಾನ್‌ಸ್ಟನ್ ತಂಡ ಬೆನ್ನ ಹಿಂದೆಯೇ ಬಂದು ನಿಂತಿತ್ತು. ಏಪ್ರಿಲ್ 28ರಂದು ಉತ್ತರದ ಡಿಂಗ್‌ವಾಲ್‌ನಲ್ಲಿ ರಾಸ್ ಕೌಂಟಿಯ ಎದುರು ಗ್ರೆಟ್ನಾ, ಹ್ಯಾಮಿಲ್ಟನ್ನಿನಲ್ಲಿ ಸೇಂಟ್ ಜಾನ್‌ಸ್ಟನ್. ಅಲ್ಲಿ ಸೇಂಟ್ ಜಾನ್‌ಸ್ಟನ್ 4-3ರಿಂದ ಗೆದ್ದಿತು. ಇಲ್ಲಿ 2-2. ಹೀಗೇ ಮುಗಿದರೆ ಗ್ರೆಟ್ನಾ ಒಂದು ಅಂಕದಿಂದ ಹಿಂದೆ. ನಿಗದಿಯಾದ ತೊಂಬತ್ತು ನಿಮಿಷ ಕಳೆದ ಮೇಲೆ ಮೂವತ್ತಾರು ವರ್ಷದ ಜೇಮ್ಸ್ ಗ್ರೇಡಿ ಗೋಲು ಹೊಡೆದ. ಗ್ರೆಟ್ನಾ 66, ಸೇಂಟ್ ಜಾನ್‌ಸ್ಟನ್ 65. ಮೂರು ವರ್ಷಗಳಲ್ಲಿ ಮೂರು ಮೆಟ್ಟಿಲು ಹತ್ತಿ ಹಳ್ಳಿಯ ಕ್ಲಬ್ಬು ಸೆಲ್ಟಿಕ್, ರೇಂಜರ್ಸ್‌ಗಳ ಪಂಕ್ತಿಗೆ ಬಂದು ಕುಳಿತಿತು.

ಪಂಕ್ತಿಗೆ ಬಂದವರಿಗೆ ಎಲೆ ಹಾಕಲು ತಾವೇ ಇಲ್ಲದಾಯಿತು. ಪ್ರೀಮಿಯರ್ ಲೀಗಿನಲ್ಲಿ ಆಡಬೇಕಾದರೆ ಮೈದಾನದಲ್ಲಿ ಕನಿಷ್ಠ 6,000 ಆಸನಗಳಿರಬೇಕೆಂಬ ನಿಯಮವಿತ್ತು. ಊರಿನಲ್ಲಿ ಹಸುಗೂಸಿನಿಂದ ಹಣ್ಣುಮುದುಕರವರೆಗೆ ಎಲ್ಲರನ್ನೂ ತಂದು ಕೂರಿಸಿದರೂ ಅರ್ಧ ತುಂಬುತ್ತಿರಲಿಲ್ಲ! ರೇಡೇಲ್ ಪಾರ್ಕಿಗೆ ಆ ಯೋಗ್ಯತೆ ಬರಲಿಲ್ಲ. ಮತ್ತೆ ಫರ್ ಪಾರ್ಕ್ ಬಾಡಿಗೆಗೆ ಬಂತು. ಮದರ್‌ವೆಲ್ಲಿನವರಿಗೆ ಅವರದೇ ತಂಡವಿತ್ತು; ಅವರೇಕೆ ಗ್ರೆಟ್ನಾವನ್ನು ನೋಡಲು ಬಂದಾರು? ಗ್ರೆಟ್ನಾದವರಾದರೂ ಪ್ರತಿ ತವರಿನ ಪಂದ್ಯಕ್ಕೂ ಎಷ್ಟು ಸಲ ಅಷ್ಟು ದೂರ ಹೋಗಿಬಂದಾರು? ಮೈದಾನ ಬಣಗುಡುತ್ತಿತ್ತು. 2008ರ ಏಪ್ರಿಲ್ 5ರಂದು ಇನ್ವರ್ನೆಸ್ ತಂಡದ ಎದುರಿನ ಪಂದ್ಯಕ್ಕೆ ಬಂದವರು 431 ಜನ. ಸ್ಕಾಟಿಷ್ ಪ್ರೀಮಿಯರ್ ಲೀಗಿನ ಇತಿಹಾಸದಲ್ಲಿ ಅಷ್ಟು ಕಡಿಮೆ ಪ್ರೇಕ್ಷಕರು ಮತ್ತಾವ ಪಂದ್ಯಕ್ಕೂ ಇರಲಿಲ್ಲ. ಕ್ಲಬ್ಬು ದಿವಾಳಿಯಾದದ್ದು ಹಣವಿಲ್ಲದೆ, ನಿಜ. ಆದರೆ ಅದು ಊರಿನ ಕ್ಲಬ್ಬಾಗಿ ಉಳಿಯದೆ ಹೋದದ್ದು ಅದಕ್ಕೂ ಮೊದಲು, ತನ್ನ ಊರಿನಲ್ಲಿ ಆಡುವುದನ್ನು ಬಿಟ್ಟ ದಿನವೇ ಎಂಬುದು ನಮ್ಮ ಅಭಿಪ್ರಾಯ.

ಹಣದ ಮಾತಿಗೆ ಬರೋಣ. ಟಿಕೆಟ್ಟಿನಿಂದ ಆಟಗಾರರ ಸಂಬಳ ಹುಟ್ಟುತ್ತಿರಲಿಲ್ಲ. ಅದೆಲ್ಲ ಒಬ್ಬನ ಜೇಬಿನಿಂದ ಬರುತ್ತಿತ್ತು. ಊರ ತೇರಿನ ಖರ್ಚನ್ನೆಲ್ಲ ಒಬ್ಬನೇ ಸಾಹುಕಾರ ಹೊತ್ತರೆ ಆ ವರ್ಷ ತೇರೇನೋ ಭರ್ಜರಿ. ಆದರೆ ಮನೆಮನೆಯಿಂದ ವಂತಿಗೆ ಎತ್ತುವ ರೂಢಿ ತಪ್ಪಿಹೋಗುತ್ತದೆ. 2008ರ ಆರಂಭದಲ್ಲಿ ಮೈಲ್ಸನ್ ತೀವ್ರ ಕಾಯಿಲೆಗೆ ಬಿದ್ದ. ಹಣ ಬರುವುದು ನಿಂತಿತು. ಮಾರ್ಚಿಯಲ್ಲಿ ಕ್ಲಬ್ಬಿನ ಆಡಳಿತ ದಿವಾಳಿ ಪ್ರಕರಣಗಳನ್ನು ನೋಡಿಕೊಳ್ಳುವ ಅಧಿಕಾರಿಗಳ ಕೈಗೆ ಹೋಯಿತು. ಅದಕ್ಕೆ ದಂಡವಾಗಿ ಹತ್ತು ಅಂಕ ಕಡಿತ. ಋತು ಮುಗಿಯುವವರೆಗಾದರೂ ತಂಡ ಆಡಲೆಂದು ಲೀಗಿನವರೇ ಮುಂಗಡ ಹಣ ಕೊಟ್ಟು ನಡೆಸಿದರು.

ಕೊನೆಯ ಪಂದ್ಯ 2008ರ ಮೇ 13ರಂದು. ಕಪ್ ಫೈನಲಿಗೆ ಸರಿಯಾಗಿ ಎರಡು ವರ್ಷ, ಎದುರಾಳಿಯೂ ಅದೇ ಹಾರ್ಟ್ಸ್. ಕೆಳಗಿಳಿಯುವುದು ಆಗಲೇ ಖಚಿತವಾಗಿತ್ತು, ಆಟಗಾರರ ನೌಕರಿಗೆ ನಾಳೆಯ ಭರವಸೆಯಿರಲಿಲ್ಲ. ಗ್ರೆಟ್ನಾ 1-0ಯಿಂದ ಗೆದ್ದಿತು. ಗೋಲು ಹೊಡೆದವನು ಗೇವಿನ್ ಸ್ಕೆಲ್ಟನ್. ಹ್ಯಾಂಪ್ಡೆನ್ನಿನಲ್ಲಿ ಅಡ್ಡಪಟ್ಟಿಗೆ ಬಡಿದ ಚೆಂಡು ಇಲ್ಲಿ ಬಲೆ ಸೇರಿತ್ತು. ನೋಡಲು ಇದ್ದವರು ಸಾವಿರ ಚಿಲ್ಲರೆ ಜನ.

ಕೊಳ್ಳುವವರು ಯಾರೂ ಮುಂದೆ ಬರಲಿಲ್ಲ. ಜೂನ್ ಮೊದಲಲ್ಲಿ ಕ್ಲಬ್ಬು ಲೀಗಿಗೆ ರಾಜೀನಾಮೆ ಕೊಟ್ಟಿತು. ತೆರವಾದ ಜಾಗ ಪಕ್ಕದೂರಾದ ಆನನ್ನಿನ ಆನನ್ ಅಥ್ಲೆಟಿಕ್ ಕ್ಲಬ್ಬಿಗೆ ಸಿಕ್ಕಿತು, ಆರು ವರ್ಷ ಹಿಂದೆ ಏರ್ಡ್ರಿಯವರ ಜಾಗ ಗ್ರೆಟ್ನಾಕ್ಕೆ ಸಿಕ್ಕಿದ್ದ ಹಾಗೆಯೇ. ಆ ವರ್ಷದ ನವೆಂಬರಿನಲ್ಲಿ ಮೈಲ್ಸನ್ ತೀರಿಕೊಂಡ, ವಯಸ್ಸು ಅರವತ್ತು.

ಆದರೆ ಅದೇ 2008ರ ಬೇಸಿಗೆಯಲ್ಲಿ ಅಭಿಮಾನಿಗಳೇ ಸೇರಿ ‘ಗ್ರೆಟ್ನಾ ಫುಟ್‌ಬಾಲ್ ಕ್ಲಬ್ 2008’ ಎಂದು ಹೊಸದಾಗಿ ಹೆಸರಿಟ್ಟು ತಂಡ ಕಟ್ಟಿದರು. ಅಂಗಿ ಅದೇ ಕಪ್ಪು ಬಿಳುಪು. ಈಸ್ಟ್ ಆಫ್ ಸ್ಕಾಟ್ಲೆಂಡ್ ಲೀಗಿನಲ್ಲಿ, ಸಂಬಳದ ಆಟಗಾರರಿಲ್ಲದೆ, ಕೆಳಗಿನಿಂದ ಆಟ ಶುರುವಾಯಿತು. ಮೊದಮೊದಲು ಆನನ್ನಿನ ಮೈದಾನವೊಂದರಲ್ಲಿ ಆಡಿ, ಕೆಲಕಾಲದ ಮೇಲೆ ರೇಡೇಲ್ ಪಾರ್ಕಿಗೆ ಮರಳಿದರು. 2013ರಲ್ಲಿ ಲೋಲ್ಯಾಂಡ್ ಲೀಗ್ ಎಂಬುದು ಆರಂಭವಾದಾಗ ಅದರ ಸ್ಥಾಪಕ ತಂಡಗಳಲ್ಲಿ ಇದೂ ಒಂದಾಗಿತ್ತು. ಪಂದ್ಯವಿದ್ದ ದಿನ ಊರಿನವರು ಮನೆಯಿಂದ ನಡೆದುಕೊಂಡೇ ಮೈದಾನಕ್ಕೆ ಹೋಗಬಹುದಾಗಿತ್ತು.